ಟಿವಿಯಲ್ಲಿ ಓಡುವ ಸ್ಲೈಡ್‌ಷೋ ನಮ್ಮ ಮಾತು ಕೇಳಬೇಕಾದರೆ: ಪವರ್‌ಪಾಯಿಂಟ್, ಇಂಪ್ರೆಸ್, ಬ್ರೌಸರ್, ಇಲ್ಲಾ ಬರೀ ಚಿತ್ರ?

ಮಧ್ಯಾಹ್ನ ಹನ್ನೆರಡೂಕಾಲಕ್ಕೆ ಫೋನ್ ಬಂತು. "ಏನ್ ಸಾರ್ ಇದು, ಊಟದ ಟೈಮಲ್ಲಿ ಟಿವಿ ಇಡ್ಲಿ-ವಡೆ ತೋರಿಸ್ತಿದೆ. ಜನ ಕೌಂಟರಲ್ಲಿ ನಿಂತು ಇಡ್ಲಿ ಕೇಳ್ತಿದ್ದಾರೆ, ಒಳಗೆ ಇಡ್ಲಿ ಪಾತ್ರೆ ತೊಳೆದು ಬೋರಲು ಹಾಕಿ ಆಗಿದೆ."

ದರ್ಶಿನಿಯೊಂದಕ್ಕೆ ನಾನೇ ಕೂರಿಸಿಕೊಟ್ಟ ಮೆನು ಬೋರ್ಡು ಅದು. ಒಂದು ಪವರ್‌ಪಾಯಿಂಟ್ ಫೈಲು, ಅದನ್ನು ಓಡಿಸಲು ಪೈಥಾನ್ ಭಾಷೆಯಲ್ಲಿ ಬರೆದ ಒಂದು ಪುಟ್ಟ ಸ್ಕ್ರಿಪ್ಟು, ಅಂದರೆ ಕಿರು ಪ್ರೋಗ್ರಾಂ. ಹನ್ನೆರಡು ಹೊಡೆದ ಕೂಡಲೇ 7ನೇ ಸ್ಲೈಡಿಗೆ ಹೋಗು ಅಂತ ಬರೆದಿದ್ದೆ. ಹಿಂದಿನ ದಿನ ಮಾಲೀಕರ ಮಗ ನಡುವೆ ಹೋಳಿಗೆ ಸ್ಪೆಷಲ್ ಅಂತ ಒಂದು ಸ್ಲೈಡ್ ಸೇರಿಸಿದ್ದ. ಊಟದ ಸ್ಲೈಡ್ 8ಕ್ಕೆ ಜರುಗಿತು, 7ರ ಜಾಗಕ್ಕೆ ತಿಂಡಿ ಪಟ್ಟಿಯ ಕೊನೆ ಪುಟ ಬಂದು ಕೂತಿತು. ತಪ್ಪು ಹುಡುಗನದಲ್ಲ, ನನ್ನದು. ಬೇರೆಯವರು ತಿದ್ದುವ ಫೈಲಿನಲ್ಲಿ ಸ್ಲೈಡಿನ ಕ್ರಮಸಂಖ್ಯೆ ನಂಬಿ ಕೂತಿದ್ದೆ.

ಅಂಗಡಿ, ಆಸ್ಪತ್ರೆ, ಕಾಲೇಜು, ಕಲ್ಯಾಣ ಮಂಟಪ, ಎಲ್ಲೇ ಆಗಲಿ, ಗೋಡೆಗೆ ಹಾಕಿದ ಟಿವಿಯಲ್ಲಿ ಸ್ಲೈಡ್‌ಷೋ ಓಡಿಸಿ ಅದನ್ನು ಪ್ರೋಗ್ರಾಂ ಮೂಲಕ ಹತೋಟಿಯಲ್ಲಿ ಇಡಲು ದಾರಿ ಬೇಕಾದಷ್ಟಿವೆ. "ಯಾವ ಸಾಫ್ಟ್‌ವೇರ್ ಒಳ್ಳೇದು?" ಅಂತ ಕೇಳುವವರಿಗೆ ನಾನು ತಿರುಗಿ ಮೂರು ಪ್ರಶ್ನೆ ಹಾಕುತ್ತೇನೆ. ಸ್ಲೈಡ್ ಮಾಡುವವರು ಯಾರು? ಸ್ಲೈಡ್ ಬದಲಾಗಬೇಕಾದ್ದು ಗಡಿಯಾರ ನೋಡಿಯೋ, ಟೋಕನ್ ಒತ್ತಿದಂಥ ಘಟನೆ ನಡೆದಾಗಲೋ? ಕರೆಂಟ್ ಹೋಗಿ ಬಂದಾಗ ಪಕ್ಕದಲ್ಲಿ ಕಂಪ್ಯೂಟರ್ ಗೊತ್ತಿರುವವರು ಇರುತ್ತಾರಾ? ಈ ಮೂರಕ್ಕೆ ಉತ್ತರ ಸಿಕ್ಕರೆ ಆಯ್ಕೆ ಮುಕ್ಕಾಲು ಪಾಲು ಮುಗಿದ ಹಾಗೆ.

ಮೊದಲೇ ಒಂದು ಗೊಂದಲ ಬಿಡಿಸೋಣ

ಫೈಲ್ ತಿದ್ದುವುದು ಬೇರೆ, ಷೋ ಓಡಿಸುವುದು ಬೇರೆ. ಇದು ಗೊತ್ತಿಲ್ಲದೆ ಎರಡು ದಿನ ಹಾಳು ಮಾಡಿಕೊಂಡವರನ್ನು ನೋಡಿದ್ದೇನೆ. ಪೈಥಾನ್-ಪಿಪಿಟಿಎಕ್ಸ್ ಅನ್ನುವ ಲೈಬ್ರರಿ (ಸಿದ್ಧ ಕೋಡಿನ ಕಟ್ಟು) ಇದೆಯಲ್ಲ, ಅದು ಫೈಲಿನ ಒಳಗೆ ಕೈ ಹಾಕಿ ಬೆಲೆ ಬದಲಿಸುತ್ತದೆ, ಚಿತ್ರ ಸೇರಿಸುತ್ತದೆ, ಹೊಸ ಸ್ಲೈಡ್ ಹುಟ್ಟಿಸುತ್ತದೆ. ಅದಕ್ಕೆ ಪವರ್‌ಪಾಯಿಂಟ್ ಕೂಡ ಬೇಡ. ಆದರೆ ಪರದೆ ಮೇಲೆ ಒಂದು ಸ್ಲೈಡನ್ನೂ ಓಡಿಸಲು ಅದಕ್ಕೆ ಬರುವುದಿಲ್ಲ. ಗೂಗಲ್ ಸ್ಲೈಡ್ಸ್‌ನ ಎಪಿಐ (ಬೇರೆ ಪ್ರೋಗ್ರಾಂಗಳು ಅಪ್ಪಣೆ ಕೊಡಲು ಇಟ್ಟಿರುವ ಬಾಗಿಲು) ಕತೆಯೂ ಇದೇ. ಬರೆಯುತ್ತದೆ, ತಿದ್ದುತ್ತದೆ, ಆದರೆ ಟಿವಿಯಲ್ಲಿ ಓಡುತ್ತಿರುವ ಷೋಗೆ ಮುಂದಕ್ಕೆ ಹೋಗು ಅಂತ ಹೇಳಲಾರದು.

ಓಡುತ್ತಿರುವ ಷೋಗೆ ಅಪ್ಪಣೆ ಕೊಡಬೇಕು ಅಂದರೆ ಬೇರೆ ಬಾಗಿಲು ಹುಡುಕಬೇಕು.

ಪವರ್‌ಪಾಯಿಂಟ್: ಕೈತುಂಬ ಹಿಡಿತ, ಕೈತುಂಬ ರಗಳೆ

ವಿಂಡೋಸ್‌ನಲ್ಲಿ ಪವರ್‌ಪಾಯಿಂಟ್ ತನ್ನನ್ನು ಕಾಮ್ ಅನ್ನುವ ವ್ಯವಸ್ಥೆಯ ಮೂಲಕ ಬೇರೆ ಪ್ರೋಗ್ರಾಂಗಳಿಗೆ ಒಪ್ಪಿಸಿಕೊಳ್ಳುತ್ತದೆ. ಆಫೀಸ್ ಒಳಗಿನ ವಿಬಿಎ, ವಿಂಡೋಸ್‌ನ ಪವರ್‌ಶೆಲ್, ಪೈಥಾನ್‌ನ ಪೈವಿನ್32, ಇಂಥ ಯಾವ ಸ್ಕ್ರಿಪ್ಟಿನಿಂದ ಬೇಕಾದರೂ ಮಾತಾಡಿಸಬಹುದು. ಸ್ಲೈಡ್‌ಷೋ ಸೆಟಿಂಗ್ಸ್‌ನಲ್ಲಿ ರನ್ ಅಂದರೆ ಷೋ ಶುರು. ಆಮೇಲೆ ಸ್ಲೈಡ್‌ಷೋ ವಿಂಡೋದ ವ್ಯೂ ಕೈಗೆ ಸಿಗುತ್ತದೆ. ನೆಕ್ಸ್ಟ್, ಪ್ರೀವಿಯಸ್, ಗೋಟುಸ್ಲೈಡ್, ಎಕ್ಸಿಟ್ ಎಲ್ಲಾ ಅಲ್ಲೇ ಇವೆ. ಸ್ಟೇಟ್‌ಗೆ 3 ಕೊಟ್ಟರೆ ಪರದೆ ಕಪ್ಪಾಗುತ್ತದೆ, 1 ಕೊಟ್ಟರೆ ಮತ್ತೆ ಓಡುತ್ತದೆ. ಷೋದ ಬಗೆಯನ್ನು ಕಿಯೋಸ್ಕ್ ಅಂತ ಇಟ್ಟರೆ ಯಾರೋ ಮೌಸ್ ಮುಟ್ಟಿ ಸ್ಲೈಡ್ ಹಾರಿಸುವ ಭಯ ಇಲ್ಲ.

ಅಡಗಿಸಿಟ್ಟ ಸ್ಲೈಡಿಗೂ ಗೋಟುಸ್ಲೈಡ್ ಹೋಗುತ್ತದೆ. ಇದು ತುಂಬಾ ಉಪಯೋಗದ ಸಂಗತಿ. "ಇವತ್ತು ರಜೆ", "ಗ್ಯಾಸ್ ಮುಗಿದಿದೆ, ಅರ್ಧ ಗಂಟೆ ಕಾಯಿರಿ" ಇಂಥವನ್ನು ಹೈಡ್ ಮಾಡಿ ಇಟ್ಟುಕೊಳ್ಳಿ. ಸುತ್ತಿನಲ್ಲಿ ಬರುವುದಿಲ್ಲ, ಬೇಕಾದಾಗ ಕರೆದರೆ ಬರುತ್ತದೆ. ಕರೆಯುವಾಗ ಮಾತ್ರ ಕ್ರಮಸಂಖ್ಯೆ ಹಿಡಿದು ಕರೆಯಬೇಡಿ. ಪ್ರತಿ ಸ್ಲೈಡಿಗೂ ಸ್ಲೈಡ್‌ಐಡಿ ಅನ್ನುವ ಬದಲಾಗದ ಸಂಖ್ಯೆ ಒಂದಿದೆ, ನಾವೇ ಇಡಬಹುದಾದ ಹೆಸರೂ ಇದೆ. ಐಡಿಯಿಂದ ಸ್ಲೈಡ್ ಹುಡುಕಿ, ಆಗ ಅದು ಎಷ್ಟನೇ ಜಾಗದಲ್ಲಿದೆ ಅಂತ ಕೇಳಿ, ಆ ಸಂಖ್ಯೆಯನ್ನು ಗೋಟುಸ್ಲೈಡ್‌ಗೆ ಕೊಡಿ. ಎರಡು ಸಾಲಿನ ಕೆಲಸ. ಈ ಎರಡು ಸಾಲು ಅವತ್ತು ಬರೆದಿದ್ದರೆ ಇಡ್ಲಿ ಪ್ರಕರಣ ನಡೆಯುತ್ತಿರಲಿಲ್ಲ.

ಇನ್ನು ರಗಳೆಗೆ ಬರೋಣ. ಯಾರೂ ಕೂರದ ಕಂಪ್ಯೂಟರಿನಲ್ಲಿ ಆಫೀಸ್ ಪ್ರೋಗ್ರಾಂಗಳನ್ನು ಹೀಗೆ ತಾನೇ ಓಡುವಂತೆ ಮಾಡುವುದನ್ನು ಮೈಕ್ರೋಸಾಫ್ಟೇ ಬೇಡ ಅನ್ನುತ್ತದೆ. ಯಾಕೆ ಅಂತ ಮೊದಲ ವಾರದಲ್ಲೇ ಗೊತ್ತಾಗುತ್ತದೆ. ಪವರ್‌ಪಾಯಿಂಟ್ ಮನುಷ್ಯರ ಜೊತೆ ಮಾತಾಡಲು ಮಾಡಿದ ಸಾಫ್ಟ್‌ವೇರ್. ಲೈಸೆನ್ಸ್ ಮುಗಿದಿದೆ, ಹಿಂದಿನ ಸಲ ಸರಿಯಾಗಿ ಮುಚ್ಚಲಿಲ್ಲ, ಈ ಫೈಲ್ ರಿಪೇರಿ ಮಾಡಲಾ, ಹೀಗೆ ಏನೋ ಕೇಳಿಕೊಂಡು ಪರದೆ ಮೇಲೆ ಸಂದೇಶದ ಪೆಟ್ಟಿಗೆ ತೆರೆದು ನಿಂತುಬಿಡುತ್ತದೆ. ಗೋಡೆ ಮೇಲೆ ಎಂಟು ಅಡಿ ಎತ್ತರದಲ್ಲಿರುವ ಟಿವಿಗೆ ಓಕೆ ಒತ್ತುವವರು ಯಾರು?

ಸ್ಕ್ರಿಪ್ಟನ್ನು ವಿಂಡೋಸ್ ಸರ್ವಿಸ್ (ಯಾರೂ ಲಾಗಿನ್ ಆಗದೆಯೂ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಆಗಿ ಓಡಿಸಲು ಹೋದರೆ ಇನ್ನೊಂದು ಗೋಡೆ. ವಿಸ್ಟಾ ಬಂದಾಗಿನಿಂದ ಸರ್ವಿಸ್‌ಗಳು ಸೆಷನ್ 0 ಅನ್ನುವ ಬೇರೆ ಕೋಣೆಯಲ್ಲಿ ಓಡುತ್ತವೆ. ಅಲ್ಲಿ ಷೋ ಶುರುವಾದರೂ ಟಿವಿಯಲ್ಲಿ ಕಾಣುವುದಿಲ್ಲ. ಕಂಪ್ಯೂಟರ್ ತಾನೇ ಲಾಗಿನ್ ಆಗುವಂತೆ ಮಾಡಿ, ಟಾಸ್ಕ್ ಷೆಡ್ಯೂಲರ್‌ನಲ್ಲಿ ಬಳಕೆದಾರ ಲಾಗಿನ್ ಆಗಿದ್ದಾಗ ಮಾತ್ರ ಓಡಿಸು ಅಂತ ಇಡುವುದು ಸರಿಯಾದ ದಾರಿ.

ಫೈಲ್ ಲಾಕ್ ಇನ್ನೊಂದು ತಲೆನೋವು. ಷೇರ್ ಫೋಲ್ಡರಿನಲ್ಲಿರುವ ಫೈಲನ್ನೇ ಟಿವಿ ಕಂಪ್ಯೂಟರ್ ತೆರೆದು ಕೂತರೆ, ಆಫೀಸಿನಲ್ಲಿ ಕೂತವರಿಗೆ ಅದನ್ನು ಸೇವ್ ಮಾಡಲು ಆಗುವುದಿಲ್ಲ. ಅವರು ಹೆಸರಿನ ಮುಂದೆ 'ಹೊಸದು' ಅಂತ ಸೇರಿಸಿ ಸೇವ್ ಮಾಡುತ್ತಾರೆ. ಆಮೇಲೆ 'ಹೊಸದು 2'. ಒಂದು ತಿಂಗಳು ಕಳೆದ ಮೇಲೆ ಯಾವುದು ಓಡುತ್ತಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಸ್ಕ್ರಿಪ್ಟು ಫೈಲನ್ನು ಮೊದಲು ತನ್ನ ಡಿಸ್ಕಿಗೆ ನಕಲು ಮಾಡಿಕೊಂಡು ನಕಲನ್ನೇ ಓಡಿಸಬೇಕು. ಮೂಲ ಫೈಲಿನ ತಾರೀಕು ಬದಲಾಗಿದೆಯಾ ಅಂತ ನಿಮಿಷಕ್ಕೊಮ್ಮೆ ನೋಡಿ, ಬದಲಾಗಿದ್ದರೆ ಹೊಸ ನಕಲು ತರಬೇಕು.

ಬರೀ ಸುತ್ತು ಹೊಡೆಯುವ ಷೋ ಸಾಕು ಅಂದರೆ ಇದೇನೂ ಬೇಡ ಬಿಡಿ. ಫೈಲನ್ನು ಪಿಪಿಎಸ್‌ಎಕ್ಸ್, ಅಂದರೆ ಪವರ್‌ಪಾಯಿಂಟ್ ಷೋ, ಆಗಿ ಉಳಿಸಿ ಸ್ಟಾರ್ಟಪ್ ಫೋಲ್ಡರಿಗೆ ಹಾಕಿದರೆ ಕಂಪ್ಯೂಟರ್ ಎದ್ದ ಕೂಡಲೇ ನೇರ ಷೋ.

ಇಂಪ್ರೆಸ್: ದುಡ್ಡು ಉಳಿಯುತ್ತದೆ, ಅಕ್ಷರ ನೋಡಿಕೊಳ್ಳಿ

ಲಿಬ್ರೆಆಫೀಸ್‌ನ ಇಂಪ್ರೆಸ್‌ಗೆ ಲೈಸೆನ್ಸ್ ಕಿರಿಕಿರಿ ಇಲ್ಲ, ವಿಂಡೋಸ್ ಬದಲು ದುಡ್ಡಿಲ್ಲದೆ ಹಾಕಿಕೊಳ್ಳುವ ಲಿನಕ್ಸ್‌ನಲ್ಲೂ ಓಡುತ್ತದೆ. ಯುನೋ ಅನ್ನುವ ಅದರ ಎಪಿಐ ಸಾಕೆಟ್ ಅನ್ನುವ ಸಂಪರ್ಕದ ಮೂಲಕ ಕೇಳಿಸಿಕೊಳ್ಳುತ್ತದೆ, ರೂಢಿಯಲ್ಲಿ 2002ನೇ ಪೋರ್ಟು (ಸಂಪರ್ಕದ ಬಾಗಿಲ ಸಂಖ್ಯೆ). ಷೋ ಶುರು ಮಾಡು, ಇಂಥ ಸ್ಲೈಡಿಗೆ ಹೋಗು, ನಿಲ್ಲು, ಪರದೆ ಖಾಲಿ ಮಾಡು, ಎಲ್ಲಾ ಇದೆ. ಎರಡು ಕಡೆ ಎಡವುತ್ತೀರಿ. ಒಂದು, ಇಲ್ಲಿ ಎಣಿಕೆ ಸೊನ್ನೆಯಿಂದ, ಪವರ್‌ಪಾಯಿಂಟ್‌ನಲ್ಲಿ ಒಂದರಿಂದ. ಇನ್ನೊಂದು, ಷೋ ಶುರು ಮಾಡು ಅಂದ ತಕ್ಷಣ ಷೋ ನಡೆಸುವ ಕಂಟ್ರೋಲರ್ ಕೊಡು ಅಂತ ಕೇಳಿದರೆ ಖಾಲಿ ಕೈ ತೋರಿಸುತ್ತದೆ. ಷೋ ಪರದೆಗೆ ಬರುವ ತನಕ ಅರೆ ಸೆಕೆಂಡಿಗೊಮ್ಮೆ ಕೇಳುತ್ತಾ ಕಾಯಬೇಕು.

ಕನ್ನಡದ ಸ್ಲೈಡ್ ಆದರೆ ಅಕ್ಷರದ ಸಮಸ್ಯೆ ಬೇರೆ. ವಿಂಡೋಸ್‌ನಲ್ಲಿ ನಿರ್ಮಲಾ ಅಥವಾ ತುಂಗಾ ಫಾಂಟಿನಲ್ಲಿ ಮಾಡಿದ ಸ್ಲೈಡ್ ಲಿನಕ್ಸ್ ಇರುವ ಕಂಪ್ಯೂಟರ್ ಪೆಟ್ಟಿಗೆಗೆ ಹೋದರೆ ಅಲ್ಲಿ ಆ ಫಾಂಟ್ ಇರುವುದಿಲ್ಲ. ನೋಟೋ ಸಾನ್ಸ್ ಕನ್ನಡವೋ ಲೋಹಿತ್ ಕನ್ನಡವೋ ಬಂದು ಕೂರುತ್ತದೆ. ಅಕ್ಷರದ ಅಗಲ ಬೇರೆ ಆಗಿ "ಬಿಸಿಬೇಳೆಬಾತ್" ಎರಡು ಸಾಲಾಗಿ ಮುರಿದು, ಬೆಲೆ ಇನ್ನೊಂದು ತಿಂಡಿಯ ಎದುರಿಗೆ ಹೋಗಿ ನಿಲ್ಲುತ್ತದೆ. ಶುರುವಿನಿಂದಲೇ ಎರಡೂ ಕಡೆ ನೋಟೋ ಹಾಕಿಕೊಂಡು ಅದರಲ್ಲೇ ಸ್ಲೈಡ್ ಮಾಡಿಸಿದರೆ ಈ ಗೋಳಿಲ್ಲ.

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಸ್ಲೈಡ್ ಆದರೆ ಇನ್ನೂ ಕಷ್ಟ. ಅದು ಯೂನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ. ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಟೊಪ್ಪಿಗೆ ಇಟ್ಟ ಹಾಗೆ ಏನೇನೋ ಕಾಣುತ್ತದೆ. ಒಂದು ಕಾಲೇಜಿನಲ್ಲಿ ಸ್ವಾಗತ ಫಲಕ ಹೀಗೇ ಓಡುತ್ತಿದ್ದುದನ್ನು ಕಂಡಿದ್ದೇನೆ. ಅರ್ಧ ದಿನ ಯಾರೂ ಏನೂ ಹೇಳಲಿಲ್ಲ, ಯಾವುದೋ ವಿದೇಶಿ ಭಾಷೆ ಅಂದುಕೊಂಡಿದ್ದರಂತೆ! ಇಂಥ ಸ್ಲೈಡನ್ನು ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಇಲ್ಲಾ ಅವರ ಕಂಪ್ಯೂಟರಿನಲ್ಲೇ ಚಿತ್ರ ಮಾಡಿಸಿಕೊಂಡು ಬನ್ನಿ.

ಗೂಗಲ್ ಸ್ಲೈಡ್ಸ್

ಸುಲಭ, ಆದರೆ ಹಿಡಿತ ಕಮ್ಮಿ. ಪಬ್ಲಿಷ್ ಟು ವೆಬ್ ಮಾಡಿದರೆ ಒಂದು ಕೊಂಡಿ ಸಿಗುತ್ತದೆ. ತಾನೇ ಶುರುವಾಗು, ಸುತ್ತು ಹೊಡಿ, ಒಂದೊಂದು ಸ್ಲೈಡಿಗೆ ಇಷ್ಟು ಮಿಲಿಸೆಕೆಂಡ್, ಇವೆಲ್ಲಾ ಆ ಕೊಂಡಿಯಲ್ಲೇ ಇರುತ್ತವೆ. ಎಲ್ಲಾ ಸ್ಲೈಡಿಗೂ ಒಂದೇ ಸಮಯ, ಒಂದಕ್ಕೆ ಐದು ಸೆಕೆಂಡು ಇನ್ನೊಂದಕ್ಕೆ ಇಪ್ಪತ್ತು ಅನ್ನುವ ಹಾಗಿಲ್ಲ. ನೀವು ಮನೆಯಿಂದ ತಿದ್ದಿದರೆ ಟಿವಿಯ ಪುಟವನ್ನು ರಿಲೋಡ್ ಮಾಡಿಸುವ ವ್ಯವಸ್ಥೆ ಇರಬೇಕು, ಬದಲಾವಣೆ ಕಾಣಲು ಕೆಲವು ನಿಮಿಷ ಹಿಡಿಯಬಹುದು. ಇಂಟರ್ನೆಟ್ ಹೋದಾಗ ರಿಲೋಡ್ ಆಯಿತೋ, ಪುಟ ಸಿಗುತ್ತಿಲ್ಲ ಅನ್ನುವ ಬೋರ್ಡು. ಕೊಂಡಿ ಸಿಕ್ಕವರೆಲ್ಲಾ ನೋಡಬಹುದು ಅನ್ನುವುದೂ ನೆನಪಿರಲಿ. ಸ್ಟಾಫ್ ರೂಮಿನ ಡ್ಯೂಟಿ ಪಟ್ಟಿಗೆ ಇದು ಬೇಡ. ನಾಲ್ಕಾರು ಜನ ಸೇರಿ ತಿದ್ದುವ ಕಾಲೇಜು ನೋಟಿಸಿಗೆ ಧಾರಾಳವಾಗಿ ಸಾಕು.

ಬ್ರೌಸರ್: ಟೋಕನ್ ಬೋರ್ಡಿಗೆ ಇದೇ ಸರಿ

ಘಟನೆ ನಡೆದ ಕೂಡಲೇ ಪರದೆ ಬದಲಾಗಬೇಕಾದ ಕಡೆ ನಾನು ಪವರ್‌ಪಾಯಿಂಟ್ ಮುಟ್ಟುವುದೇ ಇಲ್ಲ. ಕ್ಲಿನಿಕ್ಕಿನಲ್ಲಿ ಟೋಕನ್ 42 ಅಂತ ಒತ್ತಿದಾಗ ಟಿವಿಯಲ್ಲಿ 42 ಬರಬೇಕು, ಮಿಕ್ಕ ಹೊತ್ತು ಡೆಂಗಿ ಬಗ್ಗೆ ಸ್ಲೈಡ್ ಓಡುತ್ತಿರಬೇಕು. ಇದನ್ನು ಒಂದು ವೆಬ್ ಪುಟವಾಗಿ ಮಾಡಿದರೆ ಕೆಲಸ ಹಗುರ. ಸ್ಲೈಡ್ ಭಾಗಕ್ಕೆ, ವೆಬ್ ಪುಟದಲ್ಲೇ ಸ್ಲೈಡ್ ಓಡಿಸುವ ರಿವೀಲ್ ಜೆಎಸ್ ಅನ್ನುವ ಲೈಬ್ರರಿ ಇದೆ. ಆಟೋಸ್ಲೈಡ್‌ಗೆ 8000 ಅಂತ ಕೊಟ್ಟರೆ ಎಂಟು ಸೆಕೆಂಡಿಗೊಂದು, ಲೂಪ್ ಹಾಕಿದರೆ ಮುಗಿಯದ ಸುತ್ತು. ಒಂದೊಂದು ಸ್ಲೈಡಿಗೂ ಬೇರೆ ಬೇರೆ ಸಮಯ ಇಡಬಹುದು. ಟೋಕನ್ ಸಂಖ್ಯೆ ವೆಬ್‌ಸಾಕೆಟ್ (ಪುಟಕ್ಕೂ ಸರ್ವರಿಗೂ ಸದಾ ತೆರೆದಿರುವ ಸಂಪರ್ಕ) ಮೂಲಕ ಬಂದರೆ ಪುಟ ಅದನ್ನು ದೊಡ್ಡದಾಗಿ ತೋರಿಸಿ, ಹತ್ತು ಸೆಕೆಂಡಾದ ಮೇಲೆ ಸ್ಲೈಡಿಗೆ ಮರಳುತ್ತದೆ.

ಓಡಿಸಲು ಕ್ರೋಮಿಯಂ ಬ್ರೌಸರಿನ ಕಿಯೋಸ್ಕ್ ಮೋಡ್, ಅಂದರೆ ಪರದೆ ತುಂಬ ಪುಟ ಮಾತ್ರ. ಟೋಕನ್ ಜೊತೆ ಗಂಟೆ ಸದ್ದೂ ಬೇಕು ಅಂದರೆ ಆಟೋಪ್ಲೇ ನೀತಿ ಸಡಿಲಿಸುವ ಆಯ್ಕೆ ಕೊಟ್ಟು ಶುರು ಮಾಡಿ. ಇಲ್ಲದಿದ್ದರೆ ಯಾರಾದರೂ ಒಮ್ಮೆ ಕ್ಲಿಕ್ ಮಾಡುವ ತನಕ ಬ್ರೌಸರ್ ಬಾಯಿ ಬಿಡುವುದಿಲ್ಲ. ಹೊರಗಿನಿಂದ ಹತೋಟಿ ಬೇಕಿದ್ದರೆ ರಿಮೋಟ್ ಡೀಬಗಿಂಗ್ ಪೋರ್ಟ್ ತೆರೆದು ಬೇರೆ ಪುಟಕ್ಕೆ ಕಳಿಸಬಹುದು, ರಿಲೋಡ್ ಮಾಡಿಸಬಹುದು. ಆ ಪೋರ್ಟನ್ನು ಅದೇ ಪೆಟ್ಟಿಗೆಯ ಒಳಗೆ ಮಾತ್ರ ಇಟ್ಟುಕೊಳ್ಳಿ. ವೈಫೈನಲ್ಲಿರುವವರಿಗೆಲ್ಲಾ ತೆರೆದಿಟ್ಟರೆ ನಿಮ್ಮ ಟಿವಿ ಊರ ಹುಡುಗರ ಟಿವಿ ಆಗುತ್ತದೆ. ವಾರಗಟ್ಟಲೆ ಓಡಿದ ಬ್ರೌಸರ್ ಮೆಮೊರಿ ತಿನ್ನುತ್ತಾ ಹೋಗುವುದರಿಂದ ಬೆಳಗಿನ ಜಾವ ನಾಲ್ಕಕ್ಕೆ ಒಮ್ಮೆ ಮುಚ್ಚಿ ತೆರೆಸುತ್ತೇನೆ.

ಇದರ ಕೊರತೆ ಒಂದೇ, ಆದರೆ ದೊಡ್ಡದು. ಸ್ಲೈಡ್ ಮಾಡುವವರಿಗೆ ವೆಬ್ ಪುಟ ಬರೆಯುವ ಎಚ್‌ಟಿಎಂಎಲ್ ಬರಬೇಕು. ದರ್ಶಿನಿ ಮಾಲೀಕರ ಮಗನಿಗೆ ಪವರ್‌ಪಾಯಿಂಟ್ ಬರುತ್ತದೆ, ಎಚ್‌ಟಿಎಂಎಲ್ ಬರುವುದಿಲ್ಲ. ಅವನಿಗೆ ಇದನ್ನು ಕೊಟ್ಟರೆ ಪ್ರತಿ ಸಲ ಕಾಫಿ ಬೆಲೆ ಏರಿದಾಗಲೂ ನನಗೆ ಫೋನ್.

ನಾನು ಜಾಸ್ತಿ ಸಲ ಹಿಡಿಯುವ ದಾರಿ: ಬರೆಯಲು ಪವರ್‌ಪಾಯಿಂಟ್, ಓಡಲು ಚಿತ್ರ

ಜನರಿಗೆ ಪವರ್‌ಪಾಯಿಂಟ್ ಬೇಕಾಗಿರುವುದು ಬರೆಯಲು. ಟಿವಿಗೆ ಬೇಕಾಗಿರುವುದು ಚಿತ್ರ. ಹಾಗಿದ್ದ ಮೇಲೆ ಟಿವಿ ಹಿಂದಿನ ಪೆಟ್ಟಿಗೆಯಲ್ಲಿ ಪವರ್‌ಪಾಯಿಂಟ್ ಯಾಕಿರಬೇಕು?

ಸ್ಲೈಡ್‌ಗಳನ್ನು ಚಿತ್ರ ಮಾಡುವುದು ಸುಲಭ. ಪವರ್‌ಪಾಯಿಂಟ್ ಇರುವ ಕಂಪ್ಯೂಟರಿನಲ್ಲಿ ಪ್ರತಿ ಸ್ಲೈಡಿಗೂ ಎಕ್ಸ್‌ಪೋರ್ಟ್ ಅಂತಿದೆ. ಪಿಎನ್‌ಜಿ, 1920, 1080 ಅಂತ ಕೊಟ್ಟರೆ ಅಳತೆಗೆ ಸರಿಯಾಗಿ ಬರುತ್ತದೆ. ಬರೆದವರ ಕಂಪ್ಯೂಟರಿನಲ್ಲೇ ಚಿತ್ರವಾಗುವುದರಿಂದ ಫಾಂಟಿನ ಸಮಸ್ಯೆ ಅಲ್ಲಿಗೇ ಮುಗಿಯಿತು, ನುಡಿ ಫಾಂಟ್ ಆದರೂ ಸೈ. ಪವರ್‌ಪಾಯಿಂಟ್ ಇಲ್ಲದಿದ್ದರೆ ಲಿಬ್ರೆಆಫೀಸ್‌ನಿಂದ ಮಾಡಿಸಬಹುದು, ಆದರೆ ನೇರವಾಗಿ ಪಿಎನ್‌ಜಿಗೆ ಬದಲಿಸು ಅಂದರೆ ಅದು ಮೊದಲ ಸ್ಲೈಡ್ ಒಂದನ್ನೇ ಕೊಟ್ಟು ಸುಮ್ಮನಾಗುತ್ತದೆ. ಮೊದಲು ಪಿಡಿಎಫ್ ಮಾಡಿಸಿ, ಅದನ್ನು ಪಿಡಿಎಫ್‌ಟುಪಿಪಿಎಂ ಅನ್ನುವ ಪುಟ್ಟ ಪ್ರೋಗ್ರಾಂ ಮೂಲಕ ಚಿತ್ರ ಮಾಡಿ. ಅನಿಮೇಷನ್ ಬೇಕೇ ಬೇಕು ಅನ್ನುವವರಿಗೆ ಪವರ್‌ಪಾಯಿಂಟ್‌ನ ಕ್ರಿಯೇಟ್‌ವಿಡಿಯೋ ಇದೆ. ವಿಡಿಯೋ ಆಗಲು ಹೊತ್ತು ಹಿಡಿಯುತ್ತದೆ, ಮುಗಿಯಿತಾ ಅಂತ ಕೇಳುತ್ತಾ ಕಾಯಬೇಕು. ಕಾಯದೆ ಪವರ್‌ಪಾಯಿಂಟ್ ಮುಚ್ಚಿದರೆ ಅರ್ಧ ಫೈಲ್.

ಓಡಿಸಲು ಎಂಪಿವಿ ಅನ್ನುವ ಮೀಡಿಯಾ ಪ್ಲೇಯರ್. ಇದನ್ನು ನಾನು ಎಷ್ಟು ಹೊಗಳಿದರೂ ಸಾಲದು. ಚಿತ್ರ, ವಿಡಿಯೋ ಎರಡನ್ನೂ ಒಂದೇ ಪಟ್ಟಿಯಲ್ಲಿ ಓಡಿಸುತ್ತದೆ, ಒಂದೊಂದು ಚಿತ್ರ ಎಷ್ಟು ಸೆಕೆಂಡ್ ಅಂತ ಹೇಳಿದರೆ ಅಷ್ಟು ಹೊತ್ತು ತೋರಿಸುತ್ತದೆ, ಪಟ್ಟಿಯನ್ನು ಕೊನೆಯಿಲ್ಲದೆ ಸುತ್ತಿಸುತ್ತದೆ. ಮುಖ್ಯವಾಗಿ, ಶುರು ಮಾಡುವಾಗ ಐಪಿಸಿ ಸಾಕೆಟ್ (ಬೇರೆ ಪ್ರೋಗ್ರಾಂ ಮಾತಾಡಿಸುವ ಬಾಗಿಲು) ಒಂದನ್ನು ಕೊಟ್ಟರೆ ಆಮೇಲೆ ಜೇಸನ್ ಅನ್ನುವ ಪಠ್ಯ ರೂಪದ ಸಾಲುಗಳಲ್ಲಿ ಅದರ ಜೊತೆ ಮಾತಾಡಬಹುದು. ಮುಂದಿನದು, ಹಿಂದಿನದು, ಈ ಫೈಲ್ ತೋರಿಸು, ಈ ಹೊಸ ಪಟ್ಟಿ ಹಾಕು. ಲಿನಕ್ಸ್‌ನಲ್ಲಿ ಡೆಸ್ಕ್‌ಟಾಪ್ ಇಲ್ಲದೆಯೇ ನೇರ ಪರದೆಗೆ ಬರೆಯಬಲ್ಲದು. ಡೆಸ್ಕ್‌ಟಾಪೇ ಇಲ್ಲದ ಮೇಲೆ ಅಪ್‌ಡೇಟ್ ಪೆಟ್ಟಿಗೆ, ಮೌಸ್ ಬಾಣ, ನೋಟಿಫಿಕೇಷನ್ ಯಾವುದೂ ಇಣುಕುವ ಹಾಗಿಲ್ಲ.

ಬರೀ ಚಿತ್ರ ಸಾಕಾದರೆ ಫೆ ಅನ್ನುವ ಇನ್ನೂ ಪುಟ್ಟ ಪ್ರೋಗ್ರಾಂ ಇದೆ. ಯೂಸರ್1 ಸಿಗ್ನಲ್ (ಓಡುತ್ತಿರುವ ಪ್ರೋಗ್ರಾಂಗೆ ಲಿನಕ್ಸ್‌ನಲ್ಲಿ ಕಳಿಸುವ ಸನ್ನೆ) ಕಳಿಸಿದರೆ ಮುಂದಿನ ಚಿತ್ರ, ಯೂಸರ್2 ಕಳಿಸಿದರೆ ಹಿಂದಿನದು. ಅಷ್ಟೇ ಅದರ ಬುದ್ಧಿ, ಕೆಲವು ಕಡೆ ಅಷ್ಟೇ ಬೇಕು.

ದರ್ಶಿನಿಯಲ್ಲಿ ಈಗ ಓಡುತ್ತಿರುವುದು ಎಂಪಿವಿಯೇ. ಮೂರು ಫೋಲ್ಡರ್: ತಿಂಡಿ, ಊಟ, ಸಂಜೆ. ಹುಡುಗ ಮೂರು ಬೇರೆ ಪವರ್‌ಪಾಯಿಂಟ್ ಫೈಲ್ ಇಟ್ಟುಕೊಂಡಿದ್ದಾನೆ. ಸೇವ್ ಮಾಡಿ ಡೆಸ್ಕ್‌ಟಾಪ್ ಮೇಲಿನ ಒಂದು ಐಕಾನ್ ಒತ್ತಿದರೆ ಚಿತ್ರಗಳಾಗಿ ಆಯಾ ಫೋಲ್ಡರಿಗೆ ಹೋಗುತ್ತವೆ. ನಡುವೆ ಎಷ್ಟು ಹೋಳಿಗೆ ಸ್ಲೈಡ್ ಸೇರಿಸಿದರೂ ಹನ್ನೆರಡಕ್ಕೆ ಊಟದ ಫೋಲ್ಡರೇ ಬರುತ್ತದೆ.

ಸಿದ್ಧ ಸೈನೇಜ್ (ಟಿವಿ ಫಲಕ) ಸಾಫ್ಟ್‌ವೇರ್ ಬೇಕಾ?

ಟಿವಿ ಒಂದೆರಡು ಇದ್ದರೆ ಬೇಡ. ಐದಾರು ದಾಟಿದರೆ, ಬೇರೆ ಬೇರೆ ಊರಲ್ಲಿದ್ದರೆ, ಬೇಕು. ಹಿಂದೆ ಸ್ಕ್ರೀನ್ಲಿ ಓಎಸ್‌ಇ ಅಂತಿದ್ದ ಆಂಥಿಯಾಸ್ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿನ ಮೇಲೆ ಚಿತ್ರ, ವಿಡಿಯೋ, ವೆಬ್ ಪುಟ ಓಡಿಸುತ್ತದೆ. ಎಪಿಐ ಇದೆ, ಪವರ್‌ಪಾಯಿಂಟ್ ಓಡಿಸುವುದಿಲ್ಲ. ಕ್ಸಿಬೋ ಇನ್ನೂ ದೊಡ್ಡದು. ಯಾವ ಟಿವಿಗೆ ಯಾವ ಹೊತ್ತಿಗೆ ಏನು ಅಂತ ಒಂದೇ ಕಡೆ ಕೂತು ಹೇಳಬಹುದು. ಎರಡೂ ಮುಕ್ತ ತಂತ್ರಾಂಶ. ಕ್ಸಿಬೋದಲ್ಲಿ ಆಂಡ್ರಾಯ್ಡ್‌ನಂಥ ಕೆಲವು ಪ್ಲೇಯರಿಗೆ ಮಾತ್ರ ದುಡ್ಡು ಕೊಡಬೇಕು.

ಗಡಿಯಾರ, ಕರೆಂಟು, ಟಿವಿ

ಯಾವ ದಾರಿ ಹಿಡಿದರೂ ಕೊನೆಗೆ ಕೈ ಕೊಡುವುದು ಇವೇ. ರಾಸ್ಪ್‌ಬೆರಿ ಪೈ 4 ಮತ್ತು ಅದಕ್ಕಿಂತ ಹಳೆಯವುಗಳಲ್ಲಿ ಕರೆಂಟ್ ಹೋದರೂ ಓಡುವ ಗಡಿಯಾರ ಇಲ್ಲ. ಎದ್ದಾಗ ಕೊನೆಗೆ ಬರೆದಿಟ್ಟುಕೊಂಡ ಸಮಯದಿಂದ ಶುರು ಮಾಡಿ, ಇಂಟರ್ನೆಟ್ ಸಿಕ್ಕ ಮೇಲೆ ಸರಿ ಮಾಡಿಕೊಳ್ಳುತ್ತದೆ. ಕರೆಂಟ್ ಬಂದು ರೂಟರ್ ಏಳದಿದ್ದರೆ? ಮಧ್ಯಾಹ್ನ ಎರಡಕ್ಕೂ ಅದರ ಲೆಕ್ಕದಲ್ಲಿ ಬೆಳಗ್ಗೆ ಹತ್ತು. ಮತ್ತೆ ಇಡ್ಲಿ! ಪೈ 5ರಲ್ಲಿ ಗಡಿಯಾರ ಇದೆ, ಆದರೆ ಅದರ ಬ್ಯಾಟರಿ ಬೇರೆ ಕೊಂಡು ಸಿಕ್ಕಿಸಬೇಕು. ಹಳೆಯದಕ್ಕೆ ಆರ್‌ಟಿಸಿ ಮಾಡ್ಯೂಲ್ (ಬ್ಯಾಟರಿ ಇರುವ ಗಡಿಯಾರ) ಸಿಗುತ್ತದೆ, ಹಾಕಿಸಿ.

ಥಟ್ಟನೆ ಕರೆಂಟ್ ಹೋದರೆ ಎಸ್‌ಡಿ ಕಾರ್ಡ್ ಕೆಡಬಹುದು. ಪೈಯ ಸೆಟಿಂಗ್ ಪ್ರೋಗ್ರಾಂ ಆದ ರಾಸ್ಪಿ-ಕಾನ್ಫಿಗ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಂ ಹಾಕಿದರೆ ಕಾರ್ಡಿಗೆ ಬರೆಯುವುದೇ ನಿಲ್ಲುತ್ತದೆ. ಸ್ಲೈಡ್ ಚಿತ್ರಗಳನ್ನು ಬೇರೆ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಇನ್ನೊಂದು ಮಾತು. ಪೈ ಓಎಸ್‌ನ 2023ರ ಬುಕ್‌ವರ್ಮ್ ಬಿಡುಗಡೆಯಿಂದ ಪೈ 4, ಪೈ 5ರ ಡೆಸ್ಕ್‌ಟಾಪ್ ವೇಲ್ಯಾಂಡ್ ಅನ್ನುವ ಹೊಸ ಪರದೆ ವ್ಯವಸ್ಥೆಯ ಮೇಲೆ ಓಡುತ್ತದೆ. ಪರದೆ ಆರದಂತೆ ಮಾಡುವ ಹಳೆಯ ಉಪಾಯಗಳು ಅಲ್ಲಿ ನಡೆಯುವುದಿಲ್ಲ. ಹಳೇ ಲೇಖನ ನೋಡಿ ನಕಲು ಹೊಡೆದು, ಯಾಕೆ ಕೆಲಸ ಮಾಡ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ.

ಟಿವಿಯನ್ನು ರಾತ್ರಿ ಆರಿಸಿ ಬೆಳಗ್ಗೆ ಹಚ್ಚಲು, ಎಚ್‌ಡಿಎಂಐ ಕೇಬಲ್ಲಿನಲ್ಲೇ ಟಿವಿಗೆ ಅಪ್ಪಣೆ ಕಳಿಸುವ ಎಚ್‌ಡಿಎಂಐ-ಸಿಇಸಿ ಇದೆ. ಸಿಇಸಿ-ಕ್ಲೈಂಟ್ ಮೂಲಕ ಪೈಯಿಂದಲೇ ಆನ್, ಸ್ಟ್ಯಾಂಡ್‌ಬೈ ಅಪ್ಪಣೆ ಹೋಗುತ್ತದೆ. ಕೆಲವು ಟಿವಿಗಳಲ್ಲಿ ಇದು ಮೊದಲೇ ಆಫ್ ಇರುತ್ತದೆ, ಮೆನುವಿನಲ್ಲಿ ಹುಡುಕಿ ಆನ್ ಮಾಡಿ. ರಿಮೋಟ್ ಮುಟ್ಟದೆ ನಾಲ್ಕು ಗಂಟೆ ಆದರೆ ತಾನೇ ಆರುವ ಸೆಟಿಂಗ್ ಇದ್ದರೆ ಅದನ್ನು ತೆಗೆಯಿರಿ.

ಹಾಗಾದರೆ ಯಾವುದು?

ಗಡಿಯಾರ ನೋಡಿ ಬದಲಾಗುವ ಮೆನು, ನೋಟಿಸ್, ಜಾಹೀರಾತು: ಚಿತ್ರ ಮಾಡಿ ಎಂಪಿವಿ. ಟೋಕನ್, ಸ್ಕೋರು, ಬಸ್ಸಿನ ಸಮಯ: ಬ್ರೌಸರ್. ಇಂಟರ್ನೆಟ್ ಗಟ್ಟಿಯಾಗಿದ್ದು, ತಿದ್ದುವವರು ಹಲವರಿದ್ದು, ಹಿಡಿತ ಅಷ್ಟು ಬೇಡದಿದ್ದರೆ ಗೂಗಲ್ ಸ್ಲೈಡ್ಸ್. ಸಭಾಂಗಣದಲ್ಲಿ ಆಪರೇಟರ್ ಕೂತಿದ್ದು, ಅನಿಮೇಷನ್ ಸಮೇತ ಸ್ಲೈಡ್‌ಗಳ ನಡುವೆ ಹಾರಬೇಕಾದರೆ ಮಾತ್ರ ಪವರ್‌ಪಾಯಿಂಟ್ ಕಾಮ್. ಅದೇ ಕೆಲಸಕ್ಕೆ ಲೈಸೆನ್ಸ್ ದುಡ್ಡು ಬೇಡ, ಫಾಂಟ್ ನಮ್ಮ ಕೈಯಲ್ಲೇ ಇದೆ ಅಂದರೆ ಇಂಪ್ರೆಸ್.

ಕೂರಿಸಿ ಆದ ಮೇಲೆ ಮಾಲೀಕರ ಎದುರೇ ಒಂದು ಪರೀಕ್ಷೆ ಮಾಡಿ. ರೂಟರ್ ಆರಿಸಿ. ಷೋ ಓಡುತ್ತಿರುವಾಗಲೇ ಪೆಟ್ಟಿಗೆಯ ಪ್ಲಗ್ ಕಿತ್ತು, ಹತ್ತು ಎಣಿಸಿ, ಮತ್ತೆ ಹಾಕಿ. ಕೀಬೋರ್ಡ್ ಮುಟ್ಟದೆ ಎರಡು ನಿಮಿಷ ಕಾಯಿರಿ. ಆ ಹೊತ್ತಿಗೆ ಸರಿಯಾದ ಸ್ಲೈಡ್ ಬಂದರೆ ದುಡ್ಡು ಇಸಿದುಕೊಂಡು ಕಾಫಿ ಕುಡಿದು ಹೊರಡಿ.